ನಮ್ಮಂಥವರಿಗೆ ಅದೆಲ್ಲ ಆಗುತ್ತದೆಯೇ?

ಮಧ್ಯಾಹ್ನ ಒಂದಕ್ಕೆ ಹತ್ತನೇ ತರಗತಿಯ ಫಲಿತಾಂಶ. ಹನ್ನೆರಡೂವರೆಯಿಂದಲೇ ಮೊಬೈಲಿನ ಪರದೆ ತಿಕ್ಕಿ ತಿಕ್ಕಿ ಹೆಬ್ಬೆರಳು ಸೋತಿರುತ್ತದೆ. ಪುಣೆಯ ವಡಾರವಾಡಿಯ ಒಂದೇ ಕೋಣೆಯ ಮನೆಯಲ್ಲೂ, ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಕೋಥ್ರೂಡ್‌ನ ಫ್ಲ್ಯಾಟಿನಲ್ಲೂ ಒಂದೇ ಗಳಿಗೆಗೆ ತಲೆಗಳು ಒಂದೆಡೆ ಸೇರುತ್ತವೆ. ಎರಡೂ ಮನೆಯ ಮಕ್ಕಳಿಗೆ ನೂರಕ್ಕೆ 82 ಬಂತೆನ್ನಿ. ಫ್ಲ್ಯಾಟಿನಲ್ಲಿ ಒಂದು ನಿಟ್ಟುಸಿರು, ಬೆನ್ನಿಗೇ ಲೆಕ್ಕಾಚಾರ: ಸೈನ್ಸ್‌ಗೆ ಯಾವ ಕಾಲೇಜು ಸಿಕ್ಕೀತು, ಯಾವ ಕ್ಲಾಸಿಗೆ ಹಾಕಿದರೆ ಎರಡು ವರ್ಷದಲ್ಲಿ ಹುಡುಗ ಮೇಲೆ ಬಂದಾನು. ಕೋಣೆಯ ಮನೆಗೆ ಪೇಢೆ ಬರುತ್ತದೆ, ಅಕ್ಕಪಕ್ಕದವರೆಲ್ಲ ಬಾಯಿ ಸಿಹಿ ಮಾಡಿಕೊಳ್ಳುತ್ತಾರೆ. ಕತ್ತಲಾದ ಮೇಲೆ ಸೈಟಿನಿಂದ ಬಂದ ಅಪ್ಪ ಮಗಳಿಗೆ ಹೇಳುತ್ತಾನೆ: ‘ಚಲೋ ಆತವ್ವ. ಐಟಿಐ ಮುಗಿಸಿದ್ರ ಲಗೂನ ಕೆಲಸ ಸಿಗತೈತಿ.’ ಡಾಕ್ಟರ್ ಆಗಬೇಕು ಎಂಬ ಮಾತು ಹುಡುಗಿಯ ಗಂಟಲಲ್ಲೇ ಉಳಿಯುತ್ತದೆ. ಅಪ್ಪ ಬೇಡ ಅಂದಿಲ್ಲ. ಅದು ತಮ್ಮಂಥವರ ಮನೆಯಲ್ಲಿ ಆಡುವ ಮಾತಲ್ಲ ಎಂದು ಅವಳಿಗೇ ಅನ್ನಿಸಿದೆ.

ಈ ಫಲಿತಾಂಶ ಕೊಡುವ ಮಹಾರಾಷ್ಟ್ರ ಪರೀಕ್ಷಾ ಮಂಡಳಿಯ ಕೇಂದ್ರ ಕಚೇರಿ ಇರುವುದು ಪುಣೆಯಲ್ಲೇ. ಪಠ್ಯಪುಸ್ತಕ ಸಂಸ್ಥೆ ‘ಬಾಲಭಾರತಿ’ಯೂ ಇಲ್ಲಿಯದೇ. 1967ರಲ್ಲಿ ಆರಂಭವಾದ ಅದು ಎಂಟು ಭಾಷೆಗಳಲ್ಲಿ ಪುಸ್ತಕ ತರುತ್ತದೆ, ಕನ್ನಡವೂ ಅವುಗಳಲ್ಲೊಂದು. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹಳ್ಳಿಶಾಲೆಗಳ ಮಕ್ಕಳೂ, ಪುಣೆಯಲ್ಲಿ ಕನ್ನಡ ಸಂಘ ನಡೆಸುವ ಶಾಲೆಯ ಮಕ್ಕಳೂ ಆ ಪುಸ್ತಕ ಓದಿಯೇ ಪರೀಕ್ಷೆಗೆ ಕೂರುತ್ತಾರೆ. ಪುಸ್ತಕ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಕೆಲವೊಮ್ಮೆ ಅಂಕವೂ ಒಂದೇ. ಆದರೂ ಒಬ್ಬರ ಕಣ್ಣು ಹತ್ತು ವರ್ಷ ಮುಂದಕ್ಕೆ ಹಾಯುತ್ತದೆ, ಇನ್ನೊಬ್ಬರದು ಬರುವ ಜೂನ್‌ವರೆಗೆ ಮಾತ್ರ. ಬುದ್ಧಿಯ ವ್ಯತ್ಯಾಸ ಅಂತೀವಿ, ದುಡ್ಡಿನ ವ್ಯತ್ಯಾಸ ಅಂತೀವಿ. ಎರಡರ ನಡುವೆ ಮೂರನೆಯದೊಂದಿದೆ.

ಅಂಕಪಟ್ಟಿಯಲ್ಲಿ ಕಾಣದ್ದು

ಕೆನಡಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಮಾಡಿದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಒಂದು ವಿಚಾರ ಮುಂದಿಟ್ಟರು. ಒಂದು ಕೆಲಸಕ್ಕೆ ಕೈಹಾಕುತ್ತೇವೋ ಇಲ್ಲವೋ, ಹಾಕಿದ ಮೇಲೆ ಕಷ್ಟ ಬಂದಾಗ ಎಷ್ಟು ಹೊತ್ತು ನಿಲ್ಲುತ್ತೇವೆ ಎಂಬುದನ್ನೆಲ್ಲ ನಿರ್ಧರಿಸುವಲ್ಲಿ ‘ಇದು ನನ್ನಿಂದ ಆಗುತ್ತದೆ’ ಎಂಬ ನಂಬಿಕೆಯ ಪಾಲು ಬಹಳ ದೊಡ್ಡದು. ಇದು ಎದೆಯುಬ್ಬಿಸಿ ನಡೆಯುವ ಧಿಮಾಕಲ್ಲ. ಗಣಿತದಲ್ಲಿ ಧೈರ್ಯವಿರುವ ಹುಡುಗನಿಗೆ ನಾಲ್ಕು ಜನರ ಮುಂದೆ ಮಾತಾಡಲು ಕಾಲು ನಡುಗಬಹುದು. ಒಂದೊಂದು ಕೆಲಸಕ್ಕೆ ಒಂದೊಂದು ನಂಬಿಕೆ, ಪ್ರತಿಯೊಂದನ್ನೂ ಬೇರೆಬೇರೆಯಾಗಿಯೇ ಗಳಿಸಬೇಕು.

ಅದೇ ಬಂಡೂರಾ, ಇಟಲಿಯ ಮೂವರು ಸಂಶೋಧಕರ ಜೊತೆ ಸೇರಿ ರೋಮ್ ಸಮೀಪದ ಊರೊಂದರ 272 ಮಕ್ಕಳನ್ನು ಅಧ್ಯಯನ ಮಾಡಿದರು. ಮುಂದೆ ಯಾವ ಉದ್ಯೋಗ ಹಿಡಿಯುವ ಮನಸ್ಸಿದೆ ಎಂದು ಮಕ್ಕಳನ್ನು ಕೇಳಿ, ಅದರ ಹಿಂದೆ ಏನೇನು ಕೆಲಸ ಮಾಡಿದೆ ಎಂದು ಹುಡುಕಿದ ಅಧ್ಯಯನವದು. 2001ರಲ್ಲಿ ಪ್ರಕಟವಾದಾಗ ಎರಡು ಸಂಗತಿ ಎದ್ದು ಕಂಡವು. ಮಕ್ಕಳು ಯಾವ ಉದ್ಯೋಗದತ್ತ ಒಲಿಯುತ್ತಾರೆ ಎಂಬುದಕ್ಕೆ ಅವರು ನಿಜವಾಗಿ ಪಡೆದ ಅಂಕಕ್ಕಿಂತ, ತಮ್ಮ ಶಕ್ತಿಯ ಬಗ್ಗೆ ಅವರಿಗಿದ್ದ ನಂಬಿಕೆಯೇ ಹೆಚ್ಚು ಕಾರಣವಾಗಿತ್ತು. ಇನ್ನೊಂದು ನಮ್ಮ ಮನೆಗಳಿಗೆ ಇನ್ನೂ ಹತ್ತಿರದ್ದು: ಮನೆಯ ಆರ್ಥಿಕ ಸ್ಥಿತಿ ಮಕ್ಕಳ ಹಂಬಲವನ್ನು ನೇರವಾಗಿ ಮುಟ್ಟಲಿಲ್ಲ, ಅಪ್ಪ–ಅಮ್ಮನ ಮೂಲಕ ಮುಟ್ಟಿತು. ‘ಮಗುವಿನ ಓದಿಗೆ ನಾವೇನಾದರೂ ಮಾಡಬಲ್ಲೆವು’ ಎಂದು ಹೆತ್ತವರಿಗೆ ಅನ್ನಿಸಿತ್ತೇ, ಅವರಿಗೇ ಒಂದು ಆಸೆ ಇತ್ತೇ ಎಂಬುದರ ಮೇಲೆ ಉಳಿದದ್ದು ನಿಂತಿತ್ತು.

ಬಡತನ ಜೇಬಿಗೆ ಮಾತ್ರ ಕೈಹಾಕುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತಿ ಮೇಷ್ಟ್ರನ್ನು ಮಾತಾಡಿಸುವ ಧೈರ್ಯವನ್ನೂ ಅದು ಅಪ್ಪನಿಂದ ಕಿತ್ತುಕೊಂಡಿರುತ್ತದೆ. ಆ ಅಳುಕು ಮಗಳಿಗೆ ದಾಟಲು ಮಾತು ಬೇಕಿಲ್ಲ.

ಅಂಗಿಯ ಮೇಲೆ ಬರೆದ ಹೆಸರು

ಮನೆಯವರಿಗೂ ಮಕ್ಕಳ ಹಟಕ್ಕೂ ಇರುವ ಎಳೆದಾಟಕ್ಕೆ ಕನ್ನಡಿಗರೆಲ್ಲ ಅರ್ಧಂಬರ್ಧ ಬಲ್ಲ ಕಥೆಯೊಂದಿದೆ. ಅದು ಗದಗದಲ್ಲಿ ಶುರುವಾಗಿ ಪುಣೆಯಲ್ಲಿ ನೆಲೆ ನಿಲ್ಲುತ್ತದೆ. 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ತಂದೆ ಗುರುರಾಜ ಜೋಶಿ ಶಾಲಾ ಮಾಸ್ತರರು, ಮನೆಯಲ್ಲಿ ಮಕ್ಕಳ ಸೈನ್ಯ. ಹುಡುಗನಿಗೋ ಬೀದಿಯಲ್ಲಿ ಭಜನೆಯ ಮೇಳ ಹೋದರೆ ಸಾಕು, ಹಿಂದೆಯೇ ಹೊರಟುಬಿಡುವ ಚಟ. ಎಲ್ಲೋ ದಣಿದು ಮಲಗಿರುತ್ತಿದ್ದ. ಹುಡುಕಿ ಹುಡುಕಿ ಸಾಕಾದ ಅಪ್ಪ ಕೊನೆಗೆ ಮಗನ ಅಂಗಿಗಳ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದರಂತೆ, ಸಿಕ್ಕವರು ಮನೆಗೆ ತಂದು ಮುಟ್ಟಿಸಲಿ ಎಂದು.

ಈ ಪ್ರಸಂಗವನ್ನು ನಗುತ್ತ ಹೇಳಿ ಮುಗಿಸುವುದು ರೂಢಿ. ಆದರೆ ಆ ಅಪ್ಪ ಏನು ಮಾಡಲಿಲ್ಲ ಎಂಬುದನ್ನು ಗಮನಿಸಿ. ಮಗನನ್ನು ಮನೆಯಲ್ಲಿ ಕಟ್ಟಿಹಾಕಲಿಲ್ಲ. ಮಗ ಮತ್ತೆ ಹೋಗುತ್ತಾನೆಂದು ಅವರಿಗೆ ಗೊತ್ತು; ಹೋದವನು ಕ್ಷೇಮವಾಗಿ ವಾಪಸಾಗುವ ಏರ್ಪಾಡಷ್ಟೇ ಮಾಡಿದರು.

1933ರಲ್ಲಿ ಹನ್ನೊಂದರ ಹುಡುಗ ನಿಜವಾಗಿಯೇ ಮನೆ ಬಿಟ್ಟ. ಗುರು ಬೇಕಾಗಿತ್ತು. ರೈಲಿನ ಸಹಪ್ರಯಾಣಿಕರು ಕೊಟ್ಟ ಕಾಸಿನಲ್ಲಿ ಧಾರವಾಡ, ಪುಣೆ, ಮುಂದೆ ಗ್ವಾಲಿಯರ್. ಮೂರು ವರ್ಷ ಉತ್ತರ ಭಾರತ ಸುತ್ತಿದ. ಜಾಲಂಧರದಲ್ಲಿದ್ದಾಗ ಪುಣೆಯ ಗಾಯಕ ವಿನಾಯಕರಾವ್ ಪಟವರ್ಧನ್ ಎದುರಾಗಿ, ನಿನ್ನೂರ ಪಕ್ಕದ ಕುಂದಗೋಳದಲ್ಲೇ ಗಾಯಕ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಏಕೆ ಬಂದೆ ಎಂದು ಕೇಳಿದರೆಂದು ಹೇಳುತ್ತಾರೆ. ಅಪ್ಪ ಜಾಲಂಧರದವರೆಗೂ ಹೋಗಿ ಮಗನನ್ನು ಪತ್ತೆಹಚ್ಚಿ ಕರೆತಂದರು. ಈಗ ಅವರ ಮುಂದೆ ಎರಡು ದಾರಿಗಳಿದ್ದವು: ಮಗನನ್ನು ಮನೆಯಲ್ಲೇ ಹಿಡಿದಿಡುವುದು, ಇಲ್ಲವೇ ಅವನ ಹಂಬಲಕ್ಕೆ ಒಪ್ಪುವುದು. ಅವರು ಮಗನನ್ನು ಕುಂದಗೋಳದ ಗುರುವಿನ ಮನೆಯ ದಾರಿಗೆ ಹಚ್ಚಿದರು. 1936ರಲ್ಲಿ ಪಾಠ ಮೊದಲಾಯಿತು. ಪಾಠವೆಂದರೆ ಗುರುವಿನ ಮನೆಗೆ ನೀರು ಹೊರುವುದೂ ಸೇರಿ. 1941ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ ಮೊದಲ ಕಛೇರಿ. 1946ರಲ್ಲಿ ಗುರುವಿನ ಅರವತ್ತರ ಸಮಾರಂಭದಲ್ಲಿ ಹಾಡಿದ ಮೇಲೆ ಸಂಗೀತ ಬಲ್ಲವರೆಲ್ಲ ಹೆಸರು ಹಿಡಿದು ಕರೆಯತೊಡಗಿದರು. ಆಮೇಲೆ ಪುಣೆಯೇ ಮನೆಯಾಯಿತು. ಗುರುವಿನ ನೆನಪಿಗೆ ಅವರು 1953ರಲ್ಲಿ ಇಲ್ಲಿ ಆರಂಭಿಸಿದ ಸಂಗೀತೋತ್ಸವ ಇಂದಿಗೂ ನಡೆಯುತ್ತಿದೆ.

ಹುಡುಗ ಅಸಾಧಾರಣ ಪ್ರತಿಭಾವಂತ, ಎಲ್ಲರಿಗೂ ಹಾಗಾಗುತ್ತದೆಯೇ ಎಂದು ಕೇಳಬಹುದು. ಪ್ರತಿಭೆ ಪಕ್ಕಕ್ಕಿಟ್ಟು ಕ್ರಮವನ್ನಷ್ಟೇ ನೋಡೋಣ. ಊರೂರು ಅಲೆದು ಮಗ ಗಳಿಸಿದ್ದು ಹಾಡುಗಾರಿಕೆಗಿಂತ ಹೆಚ್ಚಾಗಿ, ಹಸಿದರೂ ಬದುಕಬಲ್ಲೆ, ಕೇಳಿದರೆ ಯಾರಾದರೂ ಕಲಿಸುತ್ತಾರೆ ಎಂಬ ಅನುಭವ. ತಾನೇ ಮಾಡಿ ನೋಡಿ ಗೆದ್ದ ಚಿಕ್ಕಪುಟ್ಟ ಸಂಗತಿಗಳೇ ಆತ್ಮವಿಶ್ವಾಸದ ಗಟ್ಟಿ ಬುನಾದಿ ಎಂದು ಬಂಡೂರಾ ಹೇಳುವುದೂ ಇದನ್ನೇ. ಹೊಗಳಿಕೆಗೆ ಆ ಬಲವಿಲ್ಲ. ‘ನೀನು ಜಾಣ, ಎಲ್ಲ ಆಗುತ್ತೆ’ ಎಂದು ದಿನಾ ಕೇಳಿದ ಮಗು ಮೊದಲ ಫೇಲಿನಲ್ಲೇ ಕುಸಿಯಬಹುದು. ತಾನೊಬ್ಬನೇ ಬಸ್ಸು ಹಿಡಿದು ಪರೀಕ್ಷಾ ಕೇಂದ್ರ ಹುಡುಕಿಕೊಂಡ ಮಗು ಅಷ್ಟು ಸುಲಭಕ್ಕೆ ಕುಸಿಯುವುದಿಲ್ಲ.

ಅಮ್ಮ ಹಾಡು ನಿಲ್ಲಿಸಿದಳು

ಭೀಮಸೇನರ ಗುರುಭಗಿನಿ ಗಂಗೂಬಾಯಿ ಹಾನಗಲ್. ಅವರ ತಾಯಿ ಅಂಬಾಬಾಯಿ ಒಳ್ಳೆಯ ಕರ್ನಾಟಕ ಸಂಗೀತಗಾರ್ತಿ. ಮಗಳು ಹಿಂದೂಸ್ತಾನಿಯತ್ತ ಹೊರಳಿದಾಗ, ತನ್ನ ಶೈಲಿ ಅವಳ ಕಿವಿಯಲ್ಲಿ ಕಲೆಸಬಾರದೆಂದು ಆ ತಾಯಿ ತನ್ನ ಸಂಗೀತವನ್ನೇ ಬದಿಗಿಟ್ಟರು. ಮಗಳಿಗೆ ‘ನಿನ್ನ ಹಾದಿ ದೊಡ್ಡದು’ ಎಂದು ಇದಕ್ಕಿಂತ ಗಟ್ಟಿಯಾಗಿ ಹೇಳಲು ಯಾವ ಮಾತಿಗೆ ಸಾಧ್ಯ? ಇಂಥ ತ್ಯಾಗವನ್ನೇ ಮನೆಮನೆಯಿಂದ ಬಯಸಬೇಕೆಂದು ನಾನು ಹೇಳುತ್ತಿಲ್ಲ. ಅಮ್ಮಂದಿರು ಬಿಟ್ಟುಕೊಟ್ಟದ್ದು ಈಗಾಗಲೇ ಸಾಕಷ್ಟಿದೆ. ಆದರೆ ಮಕ್ಕಳು ಮಾತಿಗಿಂತ ನಡತೆಯನ್ನು ಓದುತ್ತಾರೆ ಎಂಬುದು ಇಲ್ಲಿ ಸ್ಪಷ್ಟ. ‘ಓದು, ಓದು’ ಎನ್ನುತ್ತ, ನೆಂಟರು ಬಂದಾಗ ಮಗಳ ಪುಸ್ತಕ ಮುಚ್ಚಿಸಿ ಅಡುಗೆಮನೆಗೆ ಕರೆಯುವ ಮನೆ ನಿಜವಾಗಿ ಹೇಳಿದ್ದೇನೆಂದು ಅವಳಿಗೆ ಗೊತ್ತು.

ಇದಕ್ಕೂ ಹಿಂದಿನದು ಪಂಡಿತಾ ರಮಾಬಾಯಿಯವರ ಮನೆ. ಕಾರ್ಕಳದ ಬಳಿಯ ಮಾಳದ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಹೆಂಗಸಿಗೆ ಸಂಸ್ಕೃತವೇ ಎಂದು ಊರು ಸಿಟ್ಟಾಯಿತು. ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿ ಕಲಿಸಿದರು. ಅಲ್ಲಿ 1858ರಲ್ಲಿ ಹುಟ್ಟಿದ ಮಗಳಿಗೆ ಪಾಠ ಹೇಳಿದ್ದು ಆ ತಾಯಿ. ಮನೆಗೆಲಸ ಹತ್ತಿಕೊಳ್ಳುವ ಮುಂಚೆ, ಬೆಳಗಿನ ಜಾವಕ್ಕೆ ಮುದ್ದುಮಾಡಿ ಎಬ್ಬಿಸಿ. ಹದಿನಾರಕ್ಕೆ ತಂದೆತಾಯಿ ಇಬ್ಬರನ್ನೂ ಬರಗಾಲಕ್ಕೆ ಕಳೆದುಕೊಂಡ ಹುಡುಗಿ ಅಣ್ಣನೊಡನೆ ದೇಶ ನಡೆದಳು. 1878ರಲ್ಲಿ ಕಲ್ಕತ್ತೆಯ ಪಂಡಿತರು ‘ಪಂಡಿತಾ’, ‘ಸರಸ್ವತಿ’ ಎಂದು ಬಿರುದು ಕೊಟ್ಟರು. 1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದಾಗ ಅವರು ಕೈಗೂಸಿನ ವಿಧವೆ. ಆ ವರ್ಷವೇ ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಶಿಕ್ಷಕಿಯರು ಬೇಕು, ವೈದ್ಯೆಯರು ಬೇಕು ಎಂದು ಸಾಕ್ಷ್ಯ ನುಡಿದರು. ಮನೆಯವರು ಯಾರೂ ಉಳಿದಿರಲಿಲ್ಲ, ಮನೆ ಕೊಟ್ಟದ್ದು ಉಳಿದಿತ್ತು.

ಕಣ್ಣೆದುರು ಯಾರಿದ್ದಾರೆ

ಕರಾವಳಿಯಿಂದ ಮುಂಬೈ, ಪುಣೆಗಳ ಹೋಟೆಲುಗಳಿಗೆ ಹುಡುಗರು ಬಂದದ್ದು ಹೇಗೆ? ಮೊದಲು ಒಬ್ಬ ಮಾವ ಬಂದ. ಆಮೇಲೆ ಅಳಿಯ, ಅವನ ತಮ್ಮ, ಪಕ್ಕದ ಮನೆಯ ಹುಡುಗ. ಹಗಲು ಲೋಟ ತೊಳೆದು ರಾತ್ರಿಶಾಲೆಯಲ್ಲಿ ಕೂತವರ ದೊಡ್ಡ ಪರಂಪರೆಯೇ ಇದೆ. ಫರ್ಗ್ಯುಸನ್ ಕಾಲೇಜು ರಸ್ತೆಯ ‘ವೈಶಾಲಿ’ಯ ಜಗನ್ನಾಥ ಶೆಟ್ಟಿಯವರೂ ಎಳೆಯ ವಯಸ್ಸಿನಲ್ಲೇ ಊರು ಬಿಟ್ಟು ಬಂದು ಹೋಟೆಲ್ ಕೆಲಸ ಕಲಿತವರು. ಹೋಟೆಲ್ ಇಡುವುದು ತನ್ನಿಂದಾದೀತು ಎಂದು ಆ ಹುಡುಗರಿಗೆ ಅನ್ನಿಸಿದ್ದು, ತನ್ನಂತೆಯೇ ಬಂದ ಒಬ್ಬ ಗಲ್ಲಾದ ಹಿಂದೆ ಕೂತದ್ದನ್ನು ಕಂಡಿದ್ದರಿಂದ. ಇನ್ನೊಂದು ಕಡೆ, ಕಂಡದ್ದಷ್ಟೇ ಹಂಬಲದ ಎಲ್ಲೆಯೂ ಆಗಿಬಿಡುತ್ತದೆ. ಮಾವಂದಿರೆಲ್ಲ ಹೋಟೆಲಿನಲ್ಲಿದ್ದರೆ ಅಳಿಯನಿಗೆ ವಕೀಲಿಕೆ ಹೊಳೆಯುವುದು ಕಷ್ಟ.

ಪಶ್ಚಿಮ ಬಂಗಾಳದ 495 ಹಳ್ಳಿಗಳಲ್ಲಿ ನಡೆದ ಅಧ್ಯಯನವೊಂದು ಇದಕ್ಕೆ ಪುರಾವೆ ಕೊಟ್ಟಿತು. ಪಂಚಾಯತಿ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಗಿ ಎರಡು ಅವಧಿ ಹೆಂಗಸರೇ ಆಳಿದ ಹಳ್ಳಿಗಳಲ್ಲಿ, ಹದಿಹರೆಯದ ಹುಡುಗ–ಹುಡುಗಿಯರ ಹಂಬಲಗಳ ನಡುವಿನ ಅಂತರ ಸುಮಾರು ಮೂರನೇ ಒಂದರಷ್ಟು ಇಳಿದಿತ್ತು. ಓದಿನಲ್ಲಿದ್ದ ಅಂತರವಂತೂ ಅಳಿದೇಹೋಗಿತ್ತು. ಎಸ್ತರ್ ಡುಫ್ಲೊ ಮತ್ತಿತರರು 2012ರಲ್ಲಿ ಪ್ರಕಟಿಸಿದ ಈ ಅಧ್ಯಯನ, ಬದಲಾವಣೆಗೆ ಮುಖ್ಯ ಕಾರಣ ಕಣ್ಣೆದುರಿನ ಮಾದರಿಯೇ ಎಂದಿತು. ಪೋಸ್ಟರಿನ ಮೇಲಿನ ಕಲ್ಪನಾ ಚಾವ್ಲಾ ಒಳ್ಳೆಯದೇ. ಆದರೆ ನಮ್ಮದೇ ಓಣಿಯಿಂದ ನರ್ಸಿಂಗ್‌ಗೆ ಹೋದ ಅಕ್ಕನೊಬ್ಬಳು ರಜೆಗೆ ಬಂದು ಕಟ್ಟೆಯ ಮೇಲೆ ಕೂತು ಮಾತಾಡಿದರೆ ಅದರ ಪರಿಣಾಮವೇ ಬೇರೆ.

ಹೊರಗಿನಿಂದ ಬೀಳುವ ಪೆಟ್ಟು

ಎಲ್ಲವನ್ನೂ ಮನೆಯ ತಲೆಗೆ ಕಟ್ಟಿದರೆ ಅನ್ಯಾಯ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟು ಕೊಟ್ಟಿದ್ದರು. ಜಾತಿಯ ಸುದ್ದಿ ಎತ್ತದಿದ್ದಾಗ ದಲಿತ ಹುಡುಗರು ಮೇಲ್ಜಾತಿಯ ಹುಡುಗರಷ್ಟೇ ಚೆನ್ನಾಗಿ ಬಿಡಿಸಿದರು. ಎಲ್ಲರೆದುರು ಜಾತಿ ಹೇಳಿ ಕೂರಿಸಿದಾಗ ದಲಿತ ಹುಡುಗರು ಹಿಂದೆ ಬಿದ್ದರು. ಒಗಟು ಬದಲಾಗಿರಲಿಲ್ಲ, ಸುತ್ತಲಿನವರ ಕಣ್ಣು ಬದಲಾಗಿತ್ತು.

ಪುಣೆ ಈ ಪೆಟ್ಟನ್ನು ಕಂಡಿದೆ, ಅದಕ್ಕೆ ಉತ್ತರವನ್ನೂ ಕಂಡಿದೆ. 1848ರಲ್ಲಿ ಬುಧವಾರ ಪೇಠೆಯ ಭಿಡೆ ವಾಡಾದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ಸಾವಿತ್ರಿಬಾಯಿ ಫುಲೆಯವರಿಗೆ ಹದಿನೇಳು. ಊರಿನ ಬಾಯಿಗೆ ಹೆದರಿದ ಮಾವ, ಮಗ–ಸೊಸೆಯನ್ನು ಮನೆಯಿಂದ ಹೊರಗೆ ಕಳಿಸಿದರು. ಅವರ ಶಾಲೆಯಲ್ಲಿ ಕಲಿತ ಮಾಂಗ ಸಮುದಾಯದ ಹುಡುಗಿ ಮುಕ್ತಾಬಾಯಿ, ತನ್ನವರ ದುಃಖದ ಬಗ್ಗೆ ಬರೆದ ಪ್ರಬಂಧ 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ಶಾಲೆಗೆ ಬಂದು ಮೂರೇ ವರ್ಷವಾಗಿದ್ದ ಹದಿಹರೆಯದ ಹುಡುಗಿ, ತಮ್ಮನ್ನು ಹೊರಗಿಟ್ಟ ಧರ್ಮವನ್ನೇ ಪ್ರಶ್ನೆ ಕೇಳಿದಳು. ಅವಳಿಗೆ ಕಲಿಸಿದವರು ಅವಳಿಂದ ಆ ಬರಹ ಆಗುತ್ತದೆಂದು ನಂಬಿದ್ದರು.

ಈಗಿನ ಪೆಟ್ಟುಗಳಲ್ಲಿ ಕನ್ನಡ ಮಕ್ಕಳಿಗೆ ಬೀಳುವುದೊಂದನ್ನು ಹೇಳಲೇಬೇಕು. ಮಹಾರಾಷ್ಟ್ರದ ಗಡಿಭಾಗದಲ್ಲಿ ಹತ್ತರವರೆಗೆ ಕನ್ನಡದಲ್ಲಿ ಓದಿದವರು ಹನ್ನೊಂದಕ್ಕೆ ಬಹುಪಾಲು ಇಂಗ್ಲಿಷಿಗೋ ಮರಾಠಿಗೋ ಹೊರಳಬೇಕು. ಊರಿನಲ್ಲಿ ಕ್ಲಾಸಿಗೇ ಮೊದಲಿಗನಾಗಿದ್ದವನು ಪುಣೆಯ ಜೂನಿಯರ್ ಕಾಲೇಜಿನ ಕೊನೆಯ ಬೆಂಚಿನಲ್ಲಿ ಕೂರುತ್ತಾನೆ. ದ್ಯುತಿಸಂಶ್ಲೇಷಣೆ ಎಂದರೆ ಸುತ್ತಲಿನವರಿಗೆ ಗೊತ್ತಿಲ್ಲ, ಫೋಟೋಸಿಂಥೆಸಿಸ್ ಎಂದರೆ ಇವನಿಗೆ ಹೊಳೆಯುವುದಿಲ್ಲ. ಎರಡೂ ಒಂದೇ ಎಂದು ತಿಳಿಯುವಷ್ಟರಲ್ಲಿ ಮೊದಲ ಟೆಸ್ಟ್ ಮುಗಿದು ಅಂಕ ನೆಲ ಕಚ್ಚಿರುತ್ತದೆ. ಅಂದು ರಾತ್ರಿ ಫೋನಿನಲ್ಲಿ ಮನೆಯವರು ಏನನ್ನುತ್ತಾರೆ ಎಂಬುದು ಬಹಳ ದೊಡ್ಡದು. ‘ನಿನ್ನ ಕೈಲಿ ಆಗಂಗಿಲ್ಲಪ್ಪ, ಬಂದುಬಿಡು’ ಎಂದರೆ ಹುಡುಗ ಸೋಲನ್ನು ತನ್ನ ತಲೆಗೆ ಅಂಟಿಸಿಕೊಳ್ಳುತ್ತಾನೆ. ‘ಭಾಷಾ ಹೊಸಾದು, ಆರು ತಿಂಗಳು ತಡಿ’ ಎಂದರೆ ಸೋಲು ಭಾಷೆಯ ಪಾಲಿಗೆ ಹೋಗುತ್ತದೆ; ಭಾಷೆಯನ್ನು ಕಲಿಯಬಹುದು. ಎರಡನೆಯ ಮಾತು ಆಡಲು ಅಪ್ಪ ಕಾಲೇಜು ಕಂಡವನೇ ಆಗಬೇಕಿಲ್ಲ.

ಆಸೆ ಹೊರೆಯಾದಾಗ

ಸದಾಶಿವ ಪೇಠೆ, ನಾರಾಯಣ ಪೇಠೆಗಳಲ್ಲಿ ಬೆಳಿಗ್ಗೆ ನಡೆದರೆ ಓದುಕೋಣೆಗಳ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಕಾಣುತ್ತದೆ. ಇಲ್ಲಿ ಅವಕ್ಕೆ ‘ಅಭ್ಯಾಸಿಕಾ’ ಎನ್ನುತ್ತಾರೆ. ತಿಂಗಳ ಬಾಡಿಗೆಗೆ ಒಂದು ಕುರ್ಚಿ, ಒಂದು ಮೇಜು, ಮೆಸ್ಸಿನ ಊಟ. ಪದವಿ ಮುಗಿಸಿದ್ದೇ ತಡ, ಮರಾಠವಾಡದಿಂದ, ಸೊಲ್ಲಾಪುರದ ಕಡೆಯಿಂದ ರೈತರ ಮಕ್ಕಳು ರಾಜ್ಯ ಲೋಕಸೇವಾ ಆಯೋಗದ ಪರೀಕ್ಷೆಯ ಕನಸು ಕಟ್ಟಿಕೊಂಡು ಇಲ್ಲಿಗೆ ಬರುತ್ತಾರೆ. 2021ರ ಮಾರ್ಚ್‌ನಲ್ಲಿ ಪರೀಕ್ಷೆ ಮತ್ತೊಮ್ಮೆ ಮುಂದೆ ಹೋದಾಗ ಈ ಮಕ್ಕಳು ಪುಣೆಯ ರಸ್ತೆಗಿಳಿದರು. ಒಂದೊಂದು ಮುಂದೂಡಿಕೆಯೂ ಊರಿನ ಮನೆಗೆ ಇನ್ನಷ್ಟು ಸಾಲ.

ಇಲ್ಲಿ ಹಂಬಲಕ್ಕೆ ಕೊರತೆಯಿಲ್ಲ, ಮನೆಯವರ ನಂಬಿಕೆಗೂ ಕೊರತೆಯಿಲ್ಲ. ಕೊರತೆ ಇರುವುದು ಹುದ್ದೆಗಳಿಗೆ. ಲಕ್ಷಗಟ್ಟಲೆ ಜನ ಕೆಲವು ನೂರು ಕುರ್ಚಿಗಳಿಗೆ ಕಾದಿರುವಾಗ ‘ನಿನ್ನಲ್ಲಿ ನಂಬಿಕೆಯಿಡು’ ಎಂಬ ಉಪದೇಶ ಕ್ರೂರವಾಗಿಬಿಡುತ್ತದೆ; ಸಿಗದಿದ್ದರೆ ತಪ್ಪು ಮಗುವಿನದೇ ಎಂದಾಗುತ್ತದೆ. ಮನೆ ಕೊಡಬೇಕಾದ ಧೈರ್ಯದಲ್ಲಿ ವಾಪಸಾಗುವ ಧೈರ್ಯವೂ ಸೇರಿದೆ. ಎರಡು ಸಲ ಬರೆದು ಆಗದಿದ್ದರೆ ಇನ್ನೊಂದು ಹಾದಿ ಯಾವುದೆಂದು ಹೊರಡುವ ಮುಂಚೆಯೇ ಕೂತು ಮಾತಾಡಿದ ಮನೆಗಳು ವಿರಳ. ಮಗನನ್ನು ಬಸ್ಸು ಹತ್ತಿಸುವ ದಿನ ಆ ಮಾತು ಅಪಶಕುನವೆನಿಸುತ್ತದೆ. ಆಡದೆ ಬಿಟ್ಟದ್ದರ ಬೆಲೆಯನ್ನು ಆ ಹುಡುಗ ಓದುಕೋಣೆಯಲ್ಲಿ ಒಬ್ಬನೇ ತೆರುತ್ತಾನೆ.

ಅಮ್ಮನ ಗುರುತಿನ ಚೀಟಿ

ಹೆತ್ತವರ ಅಳುಕು ಕಡಿಮೆಯಾಗುವುದಾದರೂ ಹೇಗೆ? ಇದಕ್ಕೆ ಪುಣೆಯಲ್ಲೇ ಉದಾಹರಣೆಯಿದೆ. ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ವಿಭಾಗದವರು ಚಿಂದಿ ಆಯುವ ಮಕ್ಕಳಿಗೆ ಅಕ್ಷರ ಕಲಿಸಲು ಹೊರಟಿದ್ದರು. ಅಮ್ಮಂದಿರ ಜೊತೆ ಓಣಿ ಸುತ್ತಿದಾಗ, ತಾಯಿಯ ದುಡಿಮೆ ಸುಧಾರಿಸದೆ ಮಗು ಶಾಲೆಯಲ್ಲಿ ನಿಲ್ಲುವುದಿಲ್ಲ ಎಂದು ಗೊತ್ತಾಯಿತು. ಕಸವನ್ನು ಮನೆಯಲ್ಲೇ ಬೇರ್ಪಡಿಸಿ ಈ ಹೆಂಗಸರ ಕೈಗೇ ಕೊಡುವ ಏರ್ಪಾಡಾದಾಗ ತೊಟ್ಟಿಗೆ ಇಳಿಯುವುದು ತಪ್ಪಿತು, ಕಡಿಮೆ ಹೊತ್ತಿನಲ್ಲಿ ಹೆಚ್ಚು ಸಂಪಾದನೆಯಾಯಿತು, ಮಕ್ಕಳು ಚೀಲ ಬಿಟ್ಟು ಪಾಟಿ ಹಿಡಿದರು. 1993ರಲ್ಲಿ ‘ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್’ ಎಂಬ ಸಂಘ ಹುಟ್ಟಿತು, ಬಾಬಾ ಆಢಾವ್ ಅಧ್ಯಕ್ಷರಾದರು. ಸದಸ್ಯರಲ್ಲಿ ಹೆಚ್ಚಿನವರು ದಲಿತ ಮಹಿಳೆಯರು. ಮುಂದೆ ನಗರಪಾಲಿಕೆ ಒಪ್ಪಿದ ಗುರುತಿನ ಚೀಟಿ ಅವರ ಕೊರಳಿಗೆ ಬಂತು. ಪೊಲೀಸರು ತಡೆದರೆ ತೋರಿಸಲು ಒಂದು ಕಾಗದ, ಶಾಲೆಯಲ್ಲಿ ತಾಯಿಯ ಕೆಲಸವೇನೆಂದು ಕೇಳಿದರೆ ಹೇಳಲು ಒಂದು ಹೆಸರು.

ಮಕ್ಕಳ ಹಂಬಲದ ಬಗ್ಗೆ ಕಾಳಜಿಯಿರುವ ಶಾಲೆಗಳು ಇಲ್ಲಿಂದ ಎತ್ತಿಕೊಳ್ಳಬಹುದಾದದ್ದು ಬಹಳವಿದೆ. ಪಾಲಕರ ಸಭೆಯನ್ನು ಬುಧವಾರ ಹನ್ನೊಂದು ಗಂಟೆಗೆ ಕರೆದರೆ ಗಾರೆ ಕೆಲಸದ ಅಪ್ಪನ ಒಂದು ದಿನದ ಕೂಲಿ ಹೋಗುತ್ತದೆ. ಭಾನುವಾರ ಸಂಜೆ ಕರೆದರೆ ಬರುತ್ತಾನೆ. ಬಂದವನಿಗೆ ಮಗಳ ತಪ್ಪುಗಳ ಪಟ್ಟಿ ಓದಿ ಹೇಳುವ ಬದಲು, ಅವಳು ಚೆನ್ನಾಗಿ ಬರೆದ ಒಂದು ಉತ್ತರ ತೋರಿಸಿ, ವಿದ್ಯಾರ್ಥಿವೇತನದ ಅರ್ಜಿಯನ್ನು ಅವನ ಕೈಯಿಂದಲೇ ತುಂಬಿಸಬಹುದು. ಅದೇ ಶಾಲೆಯಲ್ಲಿ ಓದಿ ಈಗ ಡಿಪ್ಲೊಮಾದಲ್ಲಿ, ನರ್ಸಿಂಗ್‌ನಲ್ಲಿ, ಮೆಡಿಕಲ್‌ನಲ್ಲಿ ಇರುವವರನ್ನು ಒಂಬತ್ತನೇ ತರಗತಿಗೇ ಕರೆಸಿ ಮಾತಾಡಿಸಬಹುದು. ಹತ್ತರ ಫಲಿತಾಂಶದ ನಂತರ ಕರೆಸಿದರೆ ತಡವಾಯಿತು. ಕನ್ನಡ ಮಾಧ್ಯಮದ ಮಕ್ಕಳಿಗಂತೂ ಪರೀಕ್ಷೆ ಮುಗಿದ ಮಾರ್ಚ್‌ನಿಂದ ಕಾಲೇಜು ತೆರೆಯುವವರೆಗೆ ಎರಡು ಮೂರು ತಿಂಗಳು ಖಾಲಿ ಇರುತ್ತವೆ. ವಿಜ್ಞಾನ, ಗಣಿತದ ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲಿ ಪರಿಚಯಿಸುವ ತರಗತಿಯನ್ನು ಕನ್ನಡ ಸಂಘಗಳು ಆ ರಜೆಯಲ್ಲಿ ನಡೆಸಲು ದೊಡ್ಡ ಕಟ್ಟಡವೂ ಬೇಡ, ಸರ್ಕಾರದ ಅಪ್ಪಣೆಯೂ ಬೇಡ.